ಶ್ರುತಿ ಬದಲಾದಾಗ: ಕಲಬುರಗಿಯ ಹಿತ್ತಾಳೆ ವಾದ್ಯ ತಯಾರಕ ಕುಟುಂಬವೊಂದರ ಪ್ರಕರಣ ಅಧ್ಯಯನ

ಕಲಬುರಗಿಯ ಹಳೆಯ ಪೇಟೆಯಲ್ಲಿ ಮೂರು ತಲೆಮಾರುಗಳಿಂದ ಬ್ಯಾಂಡ್ ವಾದ್ಯಗಳನ್ನು ಮಾಡುತ್ತ, ದುರಸ್ತಿ ಮಾಡುತ್ತ ಬಂದ ಒಂದು ಕುಟುಂಬದ ಕಥನವಿದು. ಮನೆಯವರ ಒಪ್ಪಿಗೆಯಿಂದ ಬರೆದಿದ್ದೇನೆ. ಹೆಸರು, ಓಣಿ, ಅಂಗಡಿಯ ಗುರುತು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಕುಟುಂಬಕ್ಕೆ ಸಂಬಂಧಿಸಿದ ವರ್ಷಗಳನ್ನು ದಶಕದ ಲೆಕ್ಕದಲ್ಲಷ್ಟೇ ಹೇಳಿದ್ದೇನೆ. ಡಿಜೆ ಬಂತು, ಬ್ಯಾಂಡ್ ಹೋಯಿತು, ಬ್ಯಾಂಡಿನೊಂದಿಗೆ ವಾದ್ಯ ಮಾಡುವವರೂ ಹೋದರು ಎಂಬ ವಿವರಣೆಯನ್ನು ನಮ್ಮ ಭಾಗದಲ್ಲಿ ಎಲ್ಲರೂ ಕೊಡುತ್ತಾರೆ. ಅದು ಸುಳ್ಳಲ್ಲ. ಆದರೆ ಈ ಕುಟುಂಬದ ಹಳೆಯ ಖಾತೆ ಪುಸ್ತಕಗಳನ್ನು ನೋಡಿದರೆ, ಡಿಜೆ ಪೆಟ್ಟಿಗೆಗಳು ಮೆರವಣಿಗೆಗೆ ಬರುವುದಕ್ಕೆ ಎಷ್ಟೋ ಮೊದಲೇ ವ್ಯಾಪಾರ ಇಳಿಯತೊಡಗಿತ್ತು, ಮತ್ತು ಆ ಇಳಿತದ ಒಂದು ದೊಡ್ಡ ಕಾರಣ ಕಾರ್ಖಾನೆಯ ಒಳಗೇ ಗೋಡೆಗೆ ತೂಗುಹಾಕಿದ್ದ ಫರ್ಮಾಗಳಲ್ಲಿ, ಅಂದರೆ ಅಳತೆಗೆ ಕತ್ತರಿಸಿಟ್ಟ ತಗಡಿನ ಮಾದರಿಗಳಲ್ಲಿತ್ತು ಎಂಬುದು ಸ್ಪಷ್ಟವಾಗುತ್ತದೆ.

ಹಿನ್ನೆಲೆ

ಮನೆತನದ ಮೂಲ ಕಸುಬು ಪಾತ್ರೆ ಕೆಲಸ. ಕೊಡ, ಹಂಡೆ, ತಂಬಿಗೆ, ಪರಾತ ಮಾಡುವುದು, ಒಡೆದದ್ದಕ್ಕೆ ಬೆಸುಗೆ ಹಾಕುವುದು, ಕಲಾಯಿ ಮಾಡುವುದು. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದೊಳಗೆ ಸೇರಿ, ನಿಜಾಮರ ಸೇನೆ ಚದುರಿಹೋದ ಮೇಲೆ, ಸೇನೆಯ ಬ್ಯಾಂಡಿನಲ್ಲಿ ಊದುತ್ತಿದ್ದ ಕೆಲವರು ಊರೂರಿನಲ್ಲಿ ಮದುವೆ ಬ್ಯಾಂಡ್ ಕಟ್ಟಿಕೊಂಡರೆಂದು ಮನೆಯ ಹಿರಿಯರು ಹೇಳುತ್ತಾರೆ. ಅಂಥವರಲ್ಲಿ ಒಬ್ಬರು ಟ್ರಂಪೆಟ್ಟನ್ನು ಹೋಲುವ, ಜಜ್ಜಿಹೋದ ಕಾರ್ನೆಟ್ ಒಂದನ್ನು ಅಜ್ಜನ ಬಳಿ ತಂದರು. ಬೆಲ್ಲಿನ, ಅಂದರೆ ವಾದ್ಯದ ಅಗಲ ಬಾಯಿಯ, ಮೇಲೆ ಲಂಡನ್ ಎಂದು ಕೊರೆದಿತ್ತು. ಅಜ್ಜ ಅದನ್ನು ಸರಿಮಾಡಿಕೊಟ್ಟರು. ಕೊಡುವ ಮುನ್ನ ಅದರ ಪ್ರತಿಯೊಂದು ಬಾಗು, ಪ್ರತಿಯೊಂದು ಕೊಳವೆಯ ಉದ್ದವನ್ನು ತಗಡಿನ ಮೇಲೆ ಗೀರಿ ಫರ್ಮಾ ಕತ್ತರಿಸಿಟ್ಟುಕೊಂಡರು. ಮುಂದೆ ಈ ಮನೆಯಿಂದ ಹೊರಟ ಪ್ರತಿ ಕಾರ್ನೆಟ್, ಪ್ರತಿ ಟ್ರಂಪೆಟ್ ಆ ಫರ್ಮಾಗಳ ಅಳತೆಯನ್ನೇ ಹೊತ್ತುಕೊಂಡು ಹೋಯಿತು.

1960ರ ದಶಕದಿಂದ ಸುಮಾರು ಮೂವತ್ತು ವರ್ಷ ಕೆಲಸಕ್ಕೆ ಬಿಡುವಿರಲಿಲ್ಲ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ, ಹೋಳಿಯ ಬೆನ್ನಿಗೆ ಶರಣಬಸವೇಶ್ವರರ ರಥೋತ್ಸವ, ಬಂದೇ ನವಾಜ್ ದರ್ಗಾದ ಉರುಸು, ಇವುಗಳ ನಡುವೆ ಮದುವೆಗಳ ಸುಗ್ಗಿ. ಹುಮನಾಬಾದ್, ಚಿತ್ತಾಪುರ, ಸೇಡಂ, ಶಹಾಪುರ, ಸುರಪುರ ಕಡೆಯ ಬ್ಯಾಂಡಿನವರೆಲ್ಲ ಇಲ್ಲಿಗೇ ಬರುತ್ತಿದ್ದರು.

ಕೆಲಸದ ಬಗೆಯನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಮುಂದಿನ ನಿರ್ಧಾರಗಳೆಲ್ಲ ಅದರ ಮೇಲೆ ನಿಂತಿವೆ. ಬೆಲ್ಲಿಗೆ ಹಿತ್ತಾಳೆ ತಗಡನ್ನು ಫರ್ಮಾ ಇಟ್ಟು ಕತ್ತರಿಸಿ, ಅಂಚುಗಳನ್ನು ಹಲ್ಲು ಹಲ್ಲಾಗಿ ಮಾಡಿ ಒಂದರೊಳಗೊಂದು ಕೂರಿಸಿ, ಬಿಳಿಗಾರ ಹಚ್ಚಿ ಬೆಸುಗೆ ಹಾಕುತ್ತಾರೆ. ಆ ಮೇಲೆ ಅದನ್ನು ಕಬ್ಬಿಣದ ಅಚ್ಚಿನ ಮೇಲೆ ಬಡಿದು, ಲೇತಿಗೆ ಏರಿಸಿ ತಿರುಗಿಸುತ್ತ ಒತ್ತಿ ಬಾಯಿ ಅಗಲಿಸುತ್ತಾರೆ. ಬಡಿದಷ್ಟೂ ಹಿತ್ತಾಳೆ ಬಿರುಸಾಗುವುದರಿಂದ ನಡುನಡುವೆ ಮಂದ ಕೆಂಪಿಗೆ ಕಾಯಿಸಿ ಮೆತ್ತಗೆ ಮಾಡಿಕೊಳ್ಳಬೇಕು. ಕೊಳವೆ ಬಾಗಿಸುವಾಗ ಒಳಗೆ ಕರಗಿದ ರಾಳ ತುಂಬಿ ಆರಲು ಬಿಡುತ್ತಾರೆ. ಇಲ್ಲದಿದ್ದರೆ ಬಾಗಿನಲ್ಲಿ ಕೊಳವೆ ಚಪ್ಪಟೆಯಾಗುತ್ತದೆ. ಬಾಗಿಸಿಯಾದ ಮೇಲೆ ಮತ್ತೆ ಕಾಯಿಸಿ ರಾಳ ಸುರಿದುಬಿಡುವುದು. ಬೆರಳಿನಿಂದ ಒತ್ತಿ ಸ್ವರ ಬದಲಿಸುವ ಪಿಸ್ಟನ್‌ಗಳನ್ನು ಮಾತ್ರ ಈ ಮನೆಯವರು ಎಂದೂ ಮಾಡಿದವರಲ್ಲ. ಪಿಸ್ಟನ್ನಿಗೂ ಅದರ ಗೂಡಿಗೂ ನಡುವಿನ ಸಂದು ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದ್ದು. ಅದಕ್ಕೆ ಬೇಕಾದ ಯಂತ್ರ ಇವರಲ್ಲಿರಲಿಲ್ಲ. ಅವನ್ನು ಹೊರಗಿನಿಂದ ತರಿಸಿ, ಅವಕ್ಕೆ ಜೋಡಿಸುವ ಕೊಳವೆಗಳನ್ನೆಲ್ಲ ತಮ್ಮ ಫರ್ಮಾದಂತೆ ತಾವೇ ಮಾಡುತ್ತಿದ್ದರು.

ಸಮಸ್ಯೆ

1990ರ ದಶಕದಲ್ಲಿ ಬ್ಯಾಂಡಿನ ರೂಪ ಬದಲಾಯಿತು. ತಳ್ಳುಗಾಡಿಯ ಮೇಲೆ ಆಂಪ್ಲಿಫೈಯರ್, ಭೋಂಗಾ, ಕ್ಯಾಸಿಯೊ ಎಂದು ಕರೆಯುವ ಒಂದು ಎಲೆಕ್ಟ್ರಾನಿಕ್ ಕೀಬೋರ್ಡ್ ಬಂದು ಕೂತವು. ಅದೇ ಕಾಲಕ್ಕೆ ಈ ಮನೆಯ ಹೊಸ ವಾದ್ಯಗಳಿಗೆ ಬೇಡಿಕೆ ಇಳಿಯತೊಡಗಿತು. ಎರಡನೇ ತಲೆಮಾರಿನ ಯಜಮಾನರು, ಅಂದರೆ ಈಗಿನ ಅಣ್ಣತಮ್ಮಂದಿರ ತಂದೆ, ಇದಕ್ಕೆ ಬೆಲೆಯೇ ಕಾರಣವೆಂದು ನಂಬಿದರು. ಉತ್ತರ ಪ್ರದೇಶದ ಮೀರತ್‌ನ ಜಲಿ ಕೋಠಿ ದೇಶಕ್ಕೆಲ್ಲ ಬ್ಯಾಂಡ್ ವಾದ್ಯ ಒದಗಿಸುವ ಪೇಟೆ. ಅಲ್ಲಿಯ ಸರಕು ಹೈದರಾಬಾದಿನ ಅಂಗಡಿಗಳಲ್ಲಿ ಇವರ ತಗಡು ಮತ್ತು ಕೂಲಿಯ ಖರ್ಚಿಗಿಂತ ಕಡಿಮೆಗೆ ಸಿಗುತ್ತಿತ್ತು. ಆದ್ದರಿಂದ ಅವರ ನಂಬಿಕೆಗೆ ಆಧಾರವಿತ್ತು.

ಆದರೆ ಊದುವವರು ಬೇರೊಂದು ಮಾತನ್ನೂ ಹೇಳುತ್ತಿದ್ದರು: "ಕ್ಯಾಸಿಯೊದ ಸಂಗಟ ಸೂರ್ ಕೂಡವಲ್ದು." ಯಜಮಾನರಿಗೆ ಇದು ತಮ್ಮ ಕಿವಿಯ ಮೇಲೆ ಹೊರಿಸಿದ ಆರೋಪವೆನ್ನಿಸಿತು. ತಮ್ಮಲ್ಲಿ ಮಾಡಿದ ನಾಲ್ಕು ಕಾರ್ನೆಟ್‌ಗಳನ್ನು ಒಟ್ಟಿಗೆ ಊದಿಸಿ ತೋರಿಸುತ್ತಿದ್ದರು. ನಾಲ್ಕೂ ಒಂದೇ ದನಿಯಂತೆ ಕೂಡುತ್ತಿದ್ದವು. ಹಾಗಿರುವಾಗ ತಪ್ಪು ಕ್ಯಾಸಿಯೊದ್ದಲ್ಲದೆ ತಮ್ಮದು ಹೇಗಾದೀತು ಎಂಬುದು ಅವರ ವಾದ. ಈ ವಾದವನ್ನು ಹಟವೆಂದು ತಳ್ಳಿಹಾಕುವುದು ಸರಿಯಲ್ಲ. ಅವರ ವಾದ್ಯಗಳು ನಿಜಕ್ಕೂ ಒಂದಕ್ಕೊಂದು ಕೂಡುತ್ತಿದ್ದವು, ಮತ್ತು ಮೂವತ್ತು ವರ್ಷ ಬ್ಯಾಂಡಿಗೆ ಬೇಕಾಗಿದ್ದದ್ದು ಅಷ್ಟೇ ಆಗಿತ್ತು.

ಮೊದಲ ಪ್ರಯತ್ನಗಳು

ಬೆಲೆಯೇ ಕಾಯಿಲೆ ಎಂದುಕೊಂಡದ್ದರಿಂದ ಔಷಧವೂ ಬೆಲೆಗೇ ಸಂಬಂಧಿಸಿತ್ತು. ಮೊದಲು ತೆಳುವಾದ ತಗಡು ಬಳಸಿ ಖರ್ಚು ಇಳಿಸಿದರು. ಗಾಡಿಯಲ್ಲಿ, ಬಸ್ಸಿನ ಮೇಲೆ ಓಡಾಡುವ ವಾದ್ಯಗಳಿಗೆ ಅದು ತಾಳಲಿಲ್ಲ. ಒಂದು ಸುಗ್ಗಿ ಮುಗಿಯುವಷ್ಟರಲ್ಲಿ ಬೆಲ್ಲುಗಳು ಜಜ್ಜಿಹೋದವು. ಆಮೇಲೆ ಹಿರಿಯ ಮಗ ಸಾಲ ತೆಗೆದು ಹೊರಗಿನ ಸಿದ್ಧ ವಾದ್ಯಗಳನ್ನು ತಂದು ಮಾರಿದ. ಗಿರಾಕಿಗಳು ಉದ್ರಿ ಕೇಳಿದರು, ಕೊಟ್ಟದ್ದು ವಾಪಸ್ಸು ಬರಲು ಮುಂದಿನ ವೈಶಾಖದವರೆಗೆ ಕಾಯಬೇಕಾಯಿತು, ಬಡ್ಡಿ ಮಾತ್ರ ತಿಂಗಳು ತಿಂಗಳು ಬೆಳೆಯಿತು.

ಮೂರನೆಯ ಪ್ರಯತ್ನದಲ್ಲಿ ನಡೆದದ್ದನ್ನು ಲೋಹದ ಕೆಲಸ ಮಾಡುವ ಎಲ್ಲರೂ ತಿಳಿದಿರಬೇಕು. ಮಳೆಗಾಲದಲ್ಲಿ ಕೆಲಸ ಕಡಿಮೆ, ಕೂಲಿಯವರು ಅಗ್ಗಕ್ಕೆ ಸಿಗುತ್ತಾರೆ. ಆಗಲೇ ಬಾಗುಗಳನ್ನೂ ಕೊಳವೆಗಳನ್ನೂ ಮಾಡಿ ದಾಸ್ತಾನು ಇಟ್ಟರೆ ಸುಗ್ಗಿಯಲ್ಲಿ ಜೋಡಿಸಿ ಮಾರಬಹುದು ಎಂಬ ಯೋಜನೆ ಅವರದು. ದಾಸ್ತಾನನ್ನು ಹಿತ್ತಲ ಕೋಣೆಯಲ್ಲಿಟ್ಟರು. ಅದರ ಗೋಡೆಯಾಚೆ ಎಮ್ಮೆ ಕೊಟ್ಟಿಗೆ. ಮಳೆ ಮುಗಿಯುವ ವೇಳೆಗೆ ಯಾರೂ ಮುಟ್ಟದ ಬಾಗುಗಳಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣಿಸಿಕೊಂಡವು. ತಗಡು ಮಾರಿದವನು ಮೋಸ ಮಾಡಿದನೆಂದು ಮನೆಯಲ್ಲಿ ಜಗಳವಾಯಿತು. ನಿಜವಾಗಿ ಅದು ಹಿತ್ತಾಳೆಯ ಹಳೆಯ, ಚೆನ್ನಾಗಿ ಗೊತ್ತಿರುವ ರೋಗ. ಬ್ರಿಟಿಷರ ಕಾಲದ ಭಾರತದಲ್ಲಿ ಕುದುರೆ ಲಾಯಗಳ ಹತ್ತಿರ ಮಳೆಗಾಲದಲ್ಲಿ ಶೇಖರಿಸಿಟ್ಟ ಬಂದೂಕಿನ ತೋಟಾಗಳ ಹಿತ್ತಾಳೆ ಹೀಗೆಯೇ ಸೀಳುತ್ತಿತ್ತು. ಪ್ರಾಣಿಗಳ ಮೂತ್ರದಿಂದ ಏಳುವ ಅಮೋನಿಯಾ, ತೇವ, ಮತ್ತು ಬಾಗಿಸುವಾಗ ಲೋಹದೊಳಗೆ ಉಳಿದುಬಿಡುವ ಬಿಗಿತ, ಈ ಮೂರೂ ಕೂಡಿದರೆ ಹಿತ್ತಾಳೆ ಸೀಳುತ್ತದೆ ಎಂಬುದನ್ನು 1921ರಲ್ಲಿ ಲೋಹಶಾಸ್ತ್ರಜ್ಞರು ವಿವರಿಸಿದ್ದರು. ಬಾಗಿಸಿದ ಮೇಲೆ 250ರಿಂದ 300 ಡಿಗ್ರಿಯಷ್ಟು ಹದವಾಗಿ ಕಾಯಿಸಿ ಒಳಬಿಗಿತ ತೆಗೆದು, ಕೊಟ್ಟಿಗೆಯಿಂದ ದೂರವಿಟ್ಟಿದ್ದರೆ ಆ ದಾಸ್ತಾನು ಉಳಿಯುತ್ತಿತ್ತು. ರಾಳ ಸುರಿಯುವಾಗಿನ ಕಾವು ಅದಕ್ಕೆ ಸಾಲದು. ಒಂದು ಮಳೆಗಾಲದ ಶ್ರಮವೆಲ್ಲ ಗುಜರಿಯ ತೂಕಕ್ಕೆ ಹೋಯಿತು. ಈ ಪೆಟ್ಟಿನ ನಂತರ ಅಣ್ಣತಮ್ಮಂದಿರ ನಡುವೆ ಅಂಗಡಿ ಮುಚ್ಚುವ ಮಾತು ಬಂತು.

ಮೊದಲ ತಿರುವು: ಅಳತೆ

ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದ ಮಾಸ್ತರರೊಬ್ಬರು ತಮ್ಮ ಯುಫೋನಿಯಂ ದುರಸ್ತಿಗೆ ತಂದಾಗ ವಿಷಯ ಬೇರೆ ದಾರಿ ಹಿಡಿಯಿತು. ಅವರ ಬಳಿ 440ರ, ಅಂದರೆ ಸೆಕೆಂಡಿಗೆ 440 ಕಂಪನದ ಸ್ವರ ಕೊಡುವ, ಟ್ಯೂನಿಂಗ್ ಫೋರ್ಕ್ ಇತ್ತು. ಮನೆಯಲ್ಲಿ ಮಾಡಿದ ಕಾರ್ನೆಟ್ಟನ್ನು, ಶ್ರುತಿ ಹೊಂದಿಸಲು ಎಳೆಯುವ ಕೊಳವೆಯಾದ ಸ್ಲೈಡ್ ಪೂರ್ತಿ ಒಳಗಿಟ್ಟು ಊದಿ, ಫೋರ್ಕಿನ ಪಕ್ಕ ಹಿಡಿದು, ಇದು ಕೆಟ್ಟ ವಾದ್ಯವಲ್ಲ, ಹಳೆಯ ಶ್ರುತಿಯ ವಾದ್ಯ ಎಂದರು.

ಅವರು ಹೇಳಿದ್ದು ಇಷ್ಟು. ಬ್ರಿಟಿಷ್ ಸೇನೆಯ ಬ್ಯಾಂಡುಗಳು 1920ರ ದಶಕದ ಕೊನೆಯವರೆಗೂ 452ರ ಆಸುಪಾಸಿನ ಏರುಶ್ರುತಿಯಲ್ಲಿ ನುಡಿಸುತ್ತಿದ್ದವು. ಬ್ರಿಟನ್ನಿನ ಬ್ರಾಸ್ ಬ್ಯಾಂಡುಗಳು 1960ರ ದಶಕದವರೆಗೂ ಅದನ್ನೇ ಹಿಡಿದುಕೊಂಡಿದ್ದವು. 440 ಇರಬೇಕೆಂದು 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ಶಿಫಾರಸು ಮಾಡಿತ್ತು. ಅಜ್ಜ ಗೀರಿಕೊಂಡ ಲಂಡನ್ ಕಾರ್ನೆಟ್ ಏರುಶ್ರುತಿಯದು. ಆದ್ದರಿಂದ ಈ ಮನೆಯ ವಾದ್ಯಗಳೆಲ್ಲ ಸುಮಾರು ಕಾಲು ಸ್ವರದಷ್ಟು, ಅಂದರೆ ಪಕ್ಕಪಕ್ಕದ ಎರಡು ಕೀಲಿಗಳ ಅಂತರದ ಅರ್ಧದಷ್ಟು, ಮೇಲಿದ್ದವು. ಎಲ್ಲರೂ ಸಮನಾಗಿ ಮೇಲಿದ್ದಾಗ ಅದು ಯಾರಿಗೂ ಗೊತ್ತಾಗುವುದಿಲ್ಲ. ಕ್ಯಾಸಿಯೊ ಬಂದು 440ಕ್ಕೆ ಕೂತಾಗ ಗೊತ್ತಾಯಿತು. ಕ್ಯಾಸಿಯೊದ ಶ್ರುತಿಯನ್ನೇ ಗುಂಡಿ ಒತ್ತಿ ಏರಿಸಬಹುದಲ್ಲ ಎಂದು ಕೇಳಬಹುದು. ಕೆಲವು ಬ್ಯಾಂಡಿನವರು ಹಾಗೆ ಮಾಡಿಯೂ ನೋಡಿದ್ದರು. ಆದರೆ ಹೊಸದಾಗಿ ಕೊಂಡ ಕ್ಲಾರಿನೆಟ್‌ಗಳು 440ಕ್ಕೆ ಮಾಡಿದವು, ಅವು ಅಷ್ಟು ಮೇಲಕ್ಕೆ ಏರುವುದಿಲ್ಲ.

ಇಲ್ಲಿಯವರೆಗೆ ಊದುವವರು ತಾವೇ ಕಂಡುಕೊಂಡ ಉಪಾಯವೆಂದರೆ ಟ್ಯೂನಿಂಗ್ ಸ್ಲೈಡ್ ಹೊರಗೆಳೆಯುವುದು, ಅದು ಸಾಲದಿದ್ದರೆ ನಡುವೆ ಒಂದು ತುಂಡು ಕೊಳವೆ ಸೇರಿಸುವುದು. ಅದು ಏಕೆ ಸಾಲಲಿಲ್ಲ ಎಂಬುದನ್ನು ಕಿರಿಯ ಮಗ ದಾರ ಹಿಡಿದು ಅಳೆದು ಕಂಡುಕೊಂಡ. ಬಿ-ಫ್ಲಾಟ್ ಟ್ರಂಪೆಟ್ಟಿನ ಕೊಳವೆಯ ಒಟ್ಟು ಉದ್ದ ಇಂದಿನ ಶ್ರುತಿಯಲ್ಲಿ ಸುಮಾರು 148 ಸೆಂಟಿಮೀಟರ್. ಇವರದು ಸುಮಾರು 4 ಸೆಂಟಿಮೀಟರ್ ಗಿಡ್ಡ. ಸ್ಲೈಡಿಗೆ ಎರಡು ಕಾಲುಗಳಿರುವುದರಿಂದ 2 ಸೆಂಟಿಮೀಟರ್ ಎಳೆದರೆ ಆ ಕೊರತೆ ತುಂಬುತ್ತದೆ, ಪಿಸ್ಟನ್ ಒತ್ತದ ಸ್ವರಗಳು ಸರಿಯಾಗುತ್ತವೆ. ಪಿಸ್ಟನ್ ಒತ್ತಿದ ಕೂಡಲೇ ಲೆಕ್ಕ ತಪ್ಪುತ್ತದೆ. ನಡುವಿನ ಪಿಸ್ಟನ್ ಅರ್ಧ ಸ್ವರ, ಮೊದಲನೆಯದು ಒಂದು ಸ್ವರ, ಮೂರನೆಯದು ಒಂದೂವರೆ ಸ್ವರ ಇಳಿಸುವಷ್ಟು ಕೊಳವೆಯನ್ನು ಸೇರಿಸಬೇಕು. ಮೂಲ ಕೊಳವೆ ಉದ್ದವಾದಾಗ ಈ ಸುರುಳಿಗಳೂ ಅದೇ ಪ್ರಮಾಣದಲ್ಲಿ ಉದ್ದವಾಗಬೇಕು. ನಡುವಿನದಕ್ಕೆ ಸುಮಾರು 2.5 ಮಿಲಿಮೀಟರ್, ಮೊದಲನೆಯದಕ್ಕೆ 5, ಮೂರನೆಯದಕ್ಕೆ 7ರಿಂದ 8 ಮಿಲಿಮೀಟರ್ ಬೇಕಾಗುತ್ತದೆ. ಎರಡು ಮೂರು ಪಿಸ್ಟನ್ ಒಟ್ಟಿಗೆ ಒತ್ತಿದ ಸ್ವರಗಳು ಸ್ವಭಾವತಃ ಸ್ವಲ್ಪ ಏರಿಯೇ ಇರುತ್ತವೆ. ಈ ಕೊರತೆ ಅದರ ಮೇಲೆ ಬಂದು ಕೂರುತ್ತಿತ್ತು. ಹಾಗಾಗಿ ಪಲ್ಲವಿ ಕೂಡುತ್ತಿತ್ತು, ಕೆಳಗಿನ ಸ್ವರಗಳಿಗೆ ಇಳಿದಾಗ ಕೆಡುತ್ತಿತ್ತು. ಊದುವವರು ತುಟಿಯಿಂದ ಎಳೆದು ಸರಿಪಡಿಸಲು ಹೋಗಿ ರಾತ್ರಿಯ ಮೆರವಣಿಗೆ ಮುಗಿಯುವ ಮೊದಲೇ ದಣಿಯುತ್ತಿದ್ದರು.

ಎರಡನೆಯ ತಿರುವು: ಒಂದೊಂದಲ್ಲ, ಇಡೀ ಬ್ಯಾಂಡು

ಕಾರಣ ತಿಳಿದ ಮೇಲೆ ಫರ್ಮಾ ಬದಲಿಸುವುದು ಸುಲಭವೆಂದು ಕಿರಿಯ ಮಗ ಭಾವಿಸಿದ್ದ. ತಂದೆ ಒಪ್ಪಲಿಲ್ಲ. ಅವರ ಆಕ್ಷೇಪವನ್ನು ಈ ಪ್ರಕರಣದ ಅತ್ಯಂತ ತೂಕದ ಮಾತೆಂದು ನಾನು ಎಣಿಸುತ್ತೇನೆ. ಮೂರು ಜಿಲ್ಲೆಗಳಲ್ಲಿ ತಮ್ಮ ಹಳೆಯ ಫರ್ಮಾದ ವಾದ್ಯಗಳು ಹರಡಿವೆ. ಬ್ಯಾಂಡಿನವರು ಎಂದೂ ಹತ್ತು ವಾದ್ಯವನ್ನು ಒಮ್ಮೆಗೇ ಕೊಳ್ಳುವುದಿಲ್ಲ, ವರ್ಷಕ್ಕೆ ಒಂದೋ ಎರಡೋ ಕೊಳ್ಳುತ್ತಾರೆ. ಹೊಸ ಅಳತೆಯ ಒಂದು ಕಾರ್ನೆಟ್ ಹಳೆಯ ಐದರ ನಡುವೆ ಹೋದರೆ ಆ ಬ್ಯಾಂಡು ಮೊದಲಿಗಿಂತ ಕೆಟ್ಟದಾಗಿ ಕೇಳಿಸುತ್ತದೆ, ಮತ್ತು ಹಳೆಯ ಗಿರಾಕಿಗಳಿಗೆ ನಾವು ಕೈಕೊಟ್ಟಂತೆ ಆಗುತ್ತದೆ ಎಂದರು. ಇದು ಸರಿಯಾದ ಲೆಕ್ಕವೇ ಆಗಿತ್ತು. ತಿಂಗಳುಗಟ್ಟಲೆ ಯಾವ ನಿರ್ಧಾರವೂ ಆಗಲಿಲ್ಲ.

ಬಿಕ್ಕಟ್ಟು ಬಿಡಿಸಿದ್ದು ಅದೇ ಆಕ್ಷೇಪವನ್ನು ವ್ಯಾಪಾರದ ಷರತ್ತಾಗಿ ಮಾಡಿದ್ದರಿಂದ. ಬಿಡಿ ವಾದ್ಯದ ಶ್ರುತಿ ಬದಲಿಸುವುದಿಲ್ಲ. ಬದಲಿಸಿದರೆ ಇಡೀ ಬ್ಯಾಂಡಿನದನ್ನು ಒಟ್ಟಿಗೇ ಬದಲಿಸುತ್ತೇವೆ. ವಾದ್ಯಗಳು ಮಳೆಗಾಲದಲ್ಲಿ ಬರಬೇಕು, ದೀಪಾವಳಿಯೊಳಗೆ ವಾಪಸ್ಸು ಹೋಗುತ್ತವೆ. ಹಣ ಮದುವೆ ಸುಗ್ಗಿಯಲ್ಲಿ ಮೂರು ಕಂತಿನಲ್ಲಿ. ಹೀಗೆ ಬ್ಯಾಂಡಿನವರಿಗೆ ಕೆಲಸವಿಲ್ಲದ ತಿಂಗಳುಗಳು ಕಾರ್ಖಾನೆಗೆ ಕೆಲಸದ ತಿಂಗಳುಗಳಾದವು. ಹೊಸ ವಾದ್ಯಕ್ಕೆ ಬೇಕಾದ ತಗಡಿನ ಸಾಲ ಇಲ್ಲ, ಪಿಸ್ಟನ್ ತರಿಸುವ ಖರ್ಚಿಲ್ಲ. ಬೇಕಾದದ್ದು ಕೊಳವೆಯ ತುಂಡುಗಳು, ಬೆಸುಗೆ, ಮತ್ತು ಕೈಯ ಕೌಶಲ. ಬೆಲ್ಲು ಹಳೆಯದೇ ಉಳಿಯುತ್ತಿತ್ತು. ಪಳಗಿದ ಬೆಲ್ಲನ್ನು ಬಿಟ್ಟುಕೊಡಲು ಊದುವವರಿಗೂ ಮನಸ್ಸಿರಲಿಲ್ಲ. ಮೊದಲು ಒಪ್ಪಿದ್ದು ಯಾದಗಿರಿ ಕಡೆಯ ಸಣ್ಣ ಬ್ಯಾಂಡು. ಅದರ ವಾದ್ಯಗಳ ಮೂರನೇ ಪಿಸ್ಟನ್ನಿನ ಸುರುಳಿಗಳನ್ನು ತಂದೆಯೇ ಕೂತು ಕತ್ತರಿಸಿ ಜೋಡಿಸಿದರು.

ಖಾತೆ ಪುಸ್ತಕ ತೋರಿಸಿದ್ದು

ಕೆಲಸ ಹಿಡಿಯಿತು, ಆದರೆ ಎರಡು ಸುಗ್ಗಿಗಳಾಗುವಷ್ಟರಲ್ಲಿ ಹೊಸ ದೂರು ಬಂತು. ಬದಲಿಸಿದ ವಾದ್ಯಗಳೂ ಮತ್ತೆ ಏರುತ್ತಿವೆ ಎಂದು ಕೆಲವರು ವಾಪಸ್ಸು ತಂದರು. ಕಾರ್ಖಾನೆಯಲ್ಲಿ ಊದಿ ನೋಡಿದರೆ ಸರಿಯಾಗಿಯೇ ಇರುತ್ತಿದ್ದವು. ಹಿರಿಯ ಸೊಸೆ ಲೆಕ್ಕ ಬರೆಯುವವರು. ಹೆಸರು, ವಾದ್ಯ, ತಂದ ದಿನ, ದೂರು, ಕೊಟ್ಟ ದಿನ, ಹಣ ಎಂದು ಒಂದೇ ಸಾಲಿನಲ್ಲಿ ಅವರು ಬರೆದಿಡುತ್ತಿದ್ದರು. "ಏರ್ತದ" ಎಂಬ ದೂರಿನ ಸಾಲುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದಾಗ ಬಹುತೇಕ ಎಲ್ಲವೂ ಏಪ್ರಿಲ್, ಮೇ ತಿಂಗಳಲ್ಲಿ ಬಂದಿದ್ದವು. ಮಳೆ ಬಿದ್ದ ಮೇಲೆ ಒಂದೂ ಇಲ್ಲ.

ಕಾರಣ ನಮ್ಮ ಊರಿನ ಬಿಸಿಲು. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. 20 ಡಿಗ್ರಿಯಲ್ಲಿ 343 ಮೀಟರ್ ಇರುವುದು 40ರಲ್ಲಿ 355ರ ಹತ್ತಿರ ಬರುತ್ತದೆ. ಊದುವವರ ಉಸಿರು ಮೊದಲೇ ಬೆಚ್ಚಗಿರುವುದರಿಂದ ಪೂರ್ತಿ ವ್ಯತ್ಯಾಸ ವಾದ್ಯದಲ್ಲಿ ಕಾಣುವುದಿಲ್ಲ, ಆದರೂ ಶ್ರುತಿ ಏರುವುದು ಕಿವಿಗೆ ತಿಳಿಯುವಷ್ಟಿರುತ್ತದೆ. ಕಲಬುರಗಿಯಲ್ಲಿ ಬೇಸಿಗೆಯ ಹಗಲು 40 ಡಿಗ್ರಿ ದಾಟುವುದು ಸಾಮಾನ್ಯ, ಮದುವೆಗಳು ಹೆಚ್ಚಿರುವುದೂ ಆಗಲೇ. ಕ್ಯಾಸಿಯೊಗೆ ಬಿಸಿಲಿನ ಪರಿವೆ ಇಲ್ಲ. ಶ್ರುತಿ ಬದಲಿಸುವಾಗ ಇವರು ಫೋರ್ಕಿಗೆ ಕರಾರುವಾಕ್ಕಾಗಿ ಕೂಡಿಸಿ, ಸ್ಲೈಡಿನಲ್ಲಿ ಮತ್ತೆ ಎಳೆಯಲು ಹೆಚ್ಚು ಜಾಗ ಉಳಿಸಿರಲಿಲ್ಲ. ಅಂದಿನಿಂದ ಸ್ಲೈಡಿನ ಒಳಕಾಲುಗಳನ್ನು ಉದ್ದ ಮಾಡಿ, ಬೇಸಿಗೆಯಲ್ಲಿ ಎಲ್ಲಿಯವರೆಗೆ ಎಳೆಯಬೇಕೆಂಬುದಕ್ಕೆ ಕಾಲಿನ ಮೇಲೆ ಒಂದು ಸಣ್ಣ ಗೀರು ಹಾಕಿಕೊಡತೊಡಗಿದರು. ಆ ಗೀರನ್ನು ಬೇರೆಡೆ ಮಾಡಿದ ವಾದ್ಯಗಳಿಗೂ ಹಾಕಿಸಿಕೊಳ್ಳಲು ಜನ ಬರುತ್ತಾರೆ.

ಫಲಿತ

ಹೊಸ ವಾದ್ಯ ತಯಾರಿಕೆ ಈ ಮನೆಯಲ್ಲಿ ಈಗ ಇಲ್ಲವೆನ್ನುವಷ್ಟು ಕಡಿಮೆ. ಶ್ರುತಿ ಬದಲಾವಣೆ, ದುರಸ್ತಿ, ಶಾಲೆಗಳ ಬ್ಯಾಂಡ್ ಸೆಟ್ಟುಗಳ ಆರೈಕೆ, ಇವೇ ಜೀವನಾಧಾರ. ಹಳೆಯ ಸಾಲ ತೀರಿದೆ. ಡಿಜೆ ಬಂದ ಮೇಲೆ ಬ್ಯಾಂಡುಗಳ ಸಂಖ್ಯೆ ಇಳಿದದ್ದು ನಿಜ. ಉಳಿದವು ತಮ್ಮ ವಾದ್ಯಗಳನ್ನು ಮೊದಲಿಗಿಂತ ಹೆಚ್ಚು ಜತನವಾಗಿ ಇಟ್ಟುಕೊಳ್ಳುತ್ತವೆ, ಆದ್ದರಿಂದ ದುರಸ್ತಿಯ ಕೆಲಸ ಅಷ್ಟು ಇಳಿದಿಲ್ಲ. 2020ರ ಲಾಕ್‌ಡೌನ್ ಮಾರ್ಚ್ ಕೊನೆಗೆ ಬಂದು ಇಡೀ ಮದುವೆ ಸುಗ್ಗಿಯನ್ನು ನುಂಗಿದಾಗ ಹಲವು ಊದುವವರು ವಾದ್ಯಗಳನ್ನು ಹಿತ್ತಾಳೆಯ ತೂಕಕ್ಕೆ ಮಾರಲು ತಂದರು. ಅಣ್ಣ ಕೊಳ್ಳಬಹುದೆಂದ, ತಮ್ಮ ಮತ್ತು ಅತ್ತಿಗೆ ಒಪ್ಪಲಿಲ್ಲ. ಪ್ರತಿ ವಾದ್ಯಕ್ಕೆ ಚೀಟಿ ಕಟ್ಟಿ, ಸ್ವಲ್ಪ ಹಣ ಕೊಟ್ಟು, ಇಟ್ಟುಕೊಂಡರು. ಹೆಚ್ಚಿನವನ್ನು ಮಾಲೀಕರು ಮರಳಿ ಬಿಡಿಸಿಕೊಂಡು ಹೋಗಿದ್ದಾರೆ. ಆ ವರ್ಷ ಕರಗಿಸಿದ್ದರೆ ಇಂದು ದುರಸ್ತಿಗೆ ಬರುವ ವಾದ್ಯಗಳೇ ಇರುತ್ತಿರಲಿಲ್ಲ.

ಬೇರೆ ಕಸುಬಿನವರು ಇಲ್ಲಿಂದ ಏನು ತೆಗೆದುಕೊಳ್ಳಬಹುದು ಎಂದು ಕೇಳಿದರೆ, ಮೊದಲು ಆ ಖಾತೆ ಪುಸ್ತಕವನ್ನು ತೋರಿಸುತ್ತೇನೆ. ದೂರನ್ನು ಬಾಯಲ್ಲಿ ಕೇಳಿ ಮರೆಯದೆ ದಿನಾಂಕದೊಂದಿಗೆ ಬರೆದಿಟ್ಟದ್ದರಿಂದಲೇ ಬಿಸಿಲಿನ ಗುಟ್ಟು ಹೊರಬಿತ್ತು. ಬೆಲೆಯ ಕಾರಣ ಕಣ್ಣೆದುರಿಗೆ ಇದ್ದುದರಿಂದ ಅಳತೆಯ ಕಾರಣವನ್ನು ಹುಡುಕಲು ಯಾರೂ ಹೋಗಲಿಲ್ಲ, ಅಷ್ಟರಲ್ಲಿ ಮೂರು ಪ್ರಯತ್ನಗಳೂ ಒಂದು ಸಾಲವೂ ಖರ್ಚಾದವು. ತಂದೆಯ ಆಕ್ಷೇಪವನ್ನು ಮುರಿಯದೆ ಅದರ ಸುತ್ತಲೇ ಷರತ್ತು ಕಟ್ಟಿದ್ದರಿಂದ ಮನೆಯೂ ಒಡೆಯಲಿಲ್ಲ, ಗಿರಾಕಿಗಳೂ ಉಳಿದರು.

ಸರ್ಕಾರದ ನೆರವಿನ ವಿಷಯದಲ್ಲಿ ಈ ಕುಟುಂಬದ ಸ್ಥಿತಿ ನೋವಿನದು. ಪಕ್ಕದ ಬೀದರಿನ ಬಿದರಿ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು, ಅದು ಅರ್ಹವಾದದ್ದೇ. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಗರು, ಕಮ್ಮಾರರು, ಗೊಂಬೆ ಮಾಡುವವರು ಇದ್ದಾರೆ. ವಾದ್ಯ ಮಾಡುವವರು ಇಲ್ಲ. ಪಾತ್ರೆಯವರ ಪಟ್ಟಿಗೂ ಸೇರದೆ, ಕಲಾವಿದರ ಪಟ್ಟಿಗೂ ಸೇರದೆ ಇವರು ಉಳಿದಿದ್ದಾರೆ.

ಒಂದು ಪ್ರಶ್ನೆ ಇನ್ನೂ ತೀರ್ಮಾನವಾಗಿಲ್ಲ. ತಗಡಿನಿಂದ ಬೆಲ್ಲು ಎಬ್ಬಿಸುವ ಕೆಲಸ ಪೂರ್ತಿ ಬರುವುದು ಈಗ ಕಿರಿಯ ಮಗನೊಬ್ಬನಿಗೇ. ಮೂರನೇ ತಲೆಮಾರಿನ ನಂತರದ ಮಕ್ಕಳು ಬೇರೆ ಓದಿನಲ್ಲಿದ್ದಾರೆ. ಹೊರಗಿನ ಇಬ್ಬರು ಹುಡುಗರು ದುರಸ್ತಿ ಕಲಿಯಲು ಬರುತ್ತಾರೆ. ಅವರಿಗೆ ಬೆಲ್ಲಿನ ಕೆಲಸ ಕಲಿಸಲು ಕನಿಷ್ಠ ಎರಡು ವರ್ಷ ಬೇಕು, ಆ ಎರಡು ವರ್ಷ ಕೆಡುವ ತಗಡಿನ ಖರ್ಚನ್ನು ಯಾರು ಹೊರಬೇಕು ಎಂಬುದರಲ್ಲಿ ಅಣ್ಣತಮ್ಮಂದಿರಿಗೆ ಒಮ್ಮತವಿಲ್ಲ. ದುರಸ್ತಿಯ ಲಾಭದಿಂದ ತಿಂಗಳಿಗಿಷ್ಟು ಎಂದು ತೆಗೆದಿಡೋಣ ಎಂಬುದು ಅತ್ತಿಗೆಯ ಸಲಹೆ. ಈ ಮಳೆಗಾಲದ ಲೆಕ್ಕ ಮುಗಿದ ಮೇಲೆ ಅದನ್ನು ನಿರ್ಧರಿಸುವುದಾಗಿ ಮನೆಯವರು ಹೇಳಿದ್ದಾರೆ.